ಮಿಂಚಿಲ್ಲದ ಸೀರೆ

ಒಳ್ಳೆಯ ಬಟ್ಟೆಯ ಮುಂದೆ ನಿಂತಾಗ ನನಗಾಗುವ ಸಂಕಟ ಬೇರೆಯವರಿಗೂ ಆಗುತ್ತದೆಯೋ ಇಲ್ಲವೋ ತಿಳಿಯದು. ಬಂಗಾರದ ಅಂಗಡಿಯ ಮುಂದೆ ನಾನು ತಲೆ ಎತ್ತಿಕೊಂಡೇ ನಡೆದುಹೋಗುತ್ತೇನೆ. ಮಿಠಾಯಿ ಅಂಗಡಿಯನ್ನೂ, ಸ್ವಲ್ಪ ಉಸಿರು ಬಿಗಿಹಿಡಿದರೆ, ದಾಟಿಬಿಡುತ್ತೇನೆ. ಆದರೆ ಗಾಜಿನ ಹಿಂದೆ ಒಂದು ಹತ್ತಿಯ ಸೀರೆ ಮಡಿಕೆ ಬಿಚ್ಚಿಕೊಂಡು ಇಳಿಬಿದ್ದಿರುವುದು ಕಂಡರೆ ಕಾಲು ಅಲ್ಲೇ ನಿಂತುಬಿಡುತ್ತದೆ. ಮುಟ್ಟಿ ನೋಡಬೇಕೆಂದು ಬೆರಳು ತುಡಿಯುತ್ತವೆ. ಅಂಗಡಿಯವರು "ಬರ್ರೀ ಅಕ್ಕಾರ, ಒಳಗ ಬಂದು ನೋಡ್ರಿ" ಎನ್ನುವ ಹೊತ್ತಿಗೆ ನಾನು ಬಸ್ಸಿಗೆ ತಡವಾಯಿತೆಂದು ಸುಳ್ಳು ಹೇಳಿ ಓಡಿಬಂದಿರುತ್ತೇನೆ.

ಈ ಖಯಾಲಿ ಅಂಟಿದ್ದು ಹಾವೇರಿಯಲ್ಲಿ ಕಾಲೇಜು ಓದುವಾಗ. ನಮಗೆ ಇತಿಹಾಸ ಹೇಳುತ್ತಿದ್ದ ಮೇಡಂ ಒಬ್ಬರಿದ್ದರು. ಅವರ ಬಳಿ ಇದ್ದದ್ದು ಬೆರಳೆಣಿಕೆಯ ಸೀರೆಗಳು. ಯಾವ ಸೀರೆಯ ಹಿಂದೆ ಯಾವುದು ಬರುತ್ತದೆಂಬುದು ಇಡೀ ತರಗತಿಗೆ ಗೊತ್ತಿತ್ತು. ಆದರೆ ಒಂದೊಂದೂ ಎಂಥ ಸೀರೆ! ಗಂಜಿ ಹಾಕಿ ಇಸ್ತ್ರಿ ಮಾಡಿದ ಹತ್ತಿ. ಅವರು ಬೋರ್ಡಿನ ಕಡೆ ತಿರುಗಿದರೆ ಸೆರಗು ಸಣ್ಣಗೆ ಸದ್ದು ಮಾಡುತ್ತಿತ್ತು. ಅವರು ಹೇಳಿದ ರಾಜವಂಶಗಳೆಲ್ಲ ನನ್ನ ತಲೆಯಿಂದ ಯಾವತ್ತೋ ಅಳಿದುಹೋದವು, ಆ ಸೆರಗಿನ ಸದ್ದು ಮಾತ್ರ ಉಳಿದಿದೆ. ಮುಂದೆ ನನಗೂ ನೌಕರಿ ಸಿಕ್ಕರೆ ನಾನೂ ಹೀಗೆಯೇ ಕೆಲವೇ ಕೆಲವು ಸೀರೆ ಇಟ್ಟುಕೊಳ್ಳಬೇಕು, ಎಲ್ಲವೂ ಒಳ್ಳೆಯವೇ ಇರಬೇಕು ಎಂದು ಆಗಲೇ ನಿಶ್ಚಯಿಸಿದ್ದೆ.

ನೌಕರಿ ಸಿಕ್ಕಿತು. ಬ್ಯಾಡಗಿಯಲ್ಲಿ ಸಂಸಾರ, ಹಾವೇರಿಯ ಕಚೇರಿಯಲ್ಲಿ ಗುಮಾಸ್ತಿಕೆ. ಸೀರೆಗಳೂ ಬಂದವು, ಆದರೆ ನಾನು ತಂದವಲ್ಲ, ಆಯೇರಿಯಲ್ಲಿ ಬಂದವು. ನಮ್ಮ ಕಡೆ ಮದುವೆ, ಬಸುರಿಗೆ ಮಾಡುವ ಕುಬಸ, ಮನೆಶಾಂತಿ ಏನೇ ಇದ್ದರೂ ಬಂದವರಿಗೆ ಬಟ್ಟೆ ಕೊಟ್ಟು ಗೌರವಿಸುವುದೇ ಆಯೇರಿ. ಕೊಡುವವರು ಉಡಲಿಕ್ಕೆಂದು ಕೊಡುವುದಿಲ್ಲ, ತೆಗೆದುಕೊಳ್ಳುವವರೂ ಉಡಲಿಕ್ಕೆಂದು ತೆಗೆದುಕೊಳ್ಳುವುದಿಲ್ಲ. ಅವು ಒಂದು ಕಪಾಟಿನಿಂದ ಇನ್ನೊಂದು ಕಪಾಟಿಗೆ ತಿರುಗಾಡುತ್ತಲೇ ಇರುತ್ತವೆ. ಎಷ್ಟೋ ಸೀರೆಗಳು ನನಗಿಂತ ಹೆಚ್ಚು ಊರು ಕಂಡಿವೆ. ಎಲ್ಲವಕ್ಕೂ ಕಣ್ಣು ಕೋರೈಸುವ ಜರಿ. ಉಟ್ಟರೆ ಮೈ ಬೇಯುತ್ತದೆ, ಜಾರುತ್ತದೆ, ಕೂತಲ್ಲಿಂದ ಎದ್ದರೆ ನೆರಿಗೆಯೆಲ್ಲ ನೆಲಕ್ಕೆ. ಕಪಾಟಿನ ಬಾಗಿಲು ಮುಚ್ಚಲಾಗದಷ್ಟು ಸೀರೆಗಳಿದ್ದೂ ನಾನು ದಿನಾ ಬೆಳಿಗ್ಗೆ ಅದರ ಮುಂದೆ ನಿಂತು "ಉಡಾಕ ಒಂದ ಸೀರೀನೂ ಇಲ್ಲ" ಎನ್ನುತ್ತಿದ್ದೆ. ನಮ್ಮ ಯಜಮಾನರು, ಹೈಸ್ಕೂಲ್ ಮಾಸ್ತರರು, ಲೆಕ್ಕದವರು, ಕಪಾಟನ್ನೂ ನನ್ನನ್ನೂ ಬದಲಿಸಿ ಬದಲಿಸಿ ನೋಡಿ ಚಹಾ ಕುಡಿಯಲು ಹೋಗುತ್ತಿದ್ದರು.

ಕೊನೆಗೊಂದು ದಿನ ನಿರ್ಧಾರ ಮಾಡಿದೆ. ಹಬ್ಬಕ್ಕೊಂದು, ಲಗ್ನಕ್ಕೊಂದು ಅಂತ ಅಗ್ಗದ್ದು ತರುವುದನ್ನು ಬಿಟ್ಟು, ವರ್ಷಕ್ಕೆ ಒಂದೇ ಸೀರೆ. ಅದು ಮಾತ್ರ ಖರೇ ಸೀರೆ ಆಗಿರಬೇಕು. ಹೀಗೆ ಮಾಡಿದರೆ ನಿವೃತ್ತಿಯ ಹೊತ್ತಿಗಾದರೂ ನಮ್ಮ ಮೇಡಂ ಥರದ ಕಪಾಟು ನನ್ನದಾದೀತು. ರಾಣೆಬೆನ್ನೂರಿನ ಒಂದು ಅಂಗಡಿಯಲ್ಲಿ ಅಂಥದೊಂದು ಕಂಡಿತು. ಕೈಮಗ್ಗದ ಹತ್ತಿ, ನೇರಳೆ ಹಣ್ಣಿನ ಬಣ್ಣ, ಸಾಸಿವೆ ಹೂವಿನ ಹಳದಿಯ ತೆಳ್ಳನೆ ಅಂಚು. ಜರಿಯ ಒಂದೆಳೆಯೂ ಇಲ್ಲ. ಆ ಊರಲ್ಲೇ ಇರುವ ನಾದಿನಿ ಶಾಂತಾಳನ್ನು ಮಾತಾಡಿಸುವ ನೆಪದಲ್ಲಿ ಎಷ್ಟೋ ಸಲ ಹೋಗಿ ಅದನ್ನು ಮುಟ್ಟಿ ಬಂದೆ. "ವೈನಿ ಎಷ್ಟ ಅಂತಃಕರಣದಾಕಿ, ವಾರಾ ವಾರಾ ಬರ್ತಾಳ" ಎಂದು ಶಾಂತಾ ಎಲ್ಲರೆದುರು ಹೊಗಳುತ್ತಿದ್ದಳಂತೆ. ಬೇರೆಲ್ಲ ಖರ್ಚು ಬಿಗಿಹಿಡಿದು ಕಡೆಗೂ ಆ ಸೀರೆ ತಂದೆ. ಅದರಲ್ಲಿದ್ದ ಜಂಪರ್ ಪೀಸ್ ಕತ್ತರಿಸಿ ರವಿಕೆ ಹೊಲಿಯಲು ಕೊಟ್ಟೆ. ಸೀರೆಯನ್ನು ಮಾತ್ರ ಒಂದು ಒಳ್ಳೆಯ ದಿನಕ್ಕೆಂದು ಕಪಾಟಿನಲ್ಲಿಟ್ಟೆ. ಅಡುಗೆ ಮುಗಿಸಿ ಹೋಗಿ ಸುಮ್ಮನೆ ಬಾಗಿಲು ತೆಗೆದು ನೋಡುತ್ತಿದ್ದೆ. ಒಳ್ಳೆಯ ದಿನ ಬರಲಿಲ್ಲ. ಬಂದವುಗಳಲ್ಲಿ ಒಂದರಲ್ಲಿ ಮಳೆ, ಒಂದರಲ್ಲಿ ಮೆಣಸಿನಕಾಯಿ ಘಾಟು, ಒಂದರಲ್ಲಿ ಸಾಹೇಬರ ಸಿಟ್ಟು.

ಒಂದು ಸಂಜೆ ಕಪಾಟು ತೆಗೆದರೆ ಸೀರೆ ಇಲ್ಲ. ನಾನು ಎಲ್ಲವನ್ನೂ ಕೆಳಗೆ ಸುರಿದು ಹುಡುಕುವುದನ್ನು ಕಂಡು ಅತ್ತೆ ಬಾಗಿಲಿಗೆ ಬಂದು ನಿಂತರು.

"ಏನ ಹುಡುಕಾಕತ್ತೀ ಗಿರಿಜಾ?"

"ಅತ್ತೀ, ನೇರಳೆ ಬಣ್ಣದ ಸೀರಿ ಇತ್ತಲ್ರಿ, ಹಳದಿ ಅಂಚಿಂದು?"

"ಓ ಅದಾ! ಮೊನ್ನೆ ಶಾಂತಾ ಬಂದಿದ್ಲಲ್ಲ, ನೀ ಆಫೀಸಿಗೆ ಹೋಗಿದ್ದಿ. ಉಡಿ ತುಂಬಿ ಅಕಿಗೆ ಕೊಟ್ಟೆ."

"ಅದನ್ನ ಯಾಕ ಕೊಟ್ರಿ?"

"ಮತ್ತ ಇನ್ಯಾವ್ದ ಕೊಡ್ಲೆವಾ? ಉಳದವೆಲ್ಲ ಜರಿ ಸೀರಿ, ಹೆಂಗ ಮಿಂಚತಾವು. ಅದರಾಗ ಒಂದ ಎಳಿ ಜರೀನೂ ಇರಲಿಲ್ಲ, ಜಂಪರ್ ಪೀಸೂ ಇರಲಿಲ್ಲ. ಚೊಲೋವು ಸೊಸಿಗೆ ಇರ್ಲಿ, ಮಗಳಿಗೆ ಹಗುರದ್ದ ಕೊಟ್ರಾತು ಅಂತ ಮಾಡಿದೆ. ಮಗಳಿಗೆ ಕೊಟ್ಟು ಸೊಸಿ ಕಪಾಟು ಖಾಲಿ ಮಾಡಿದ್ಲು ಅಂತ ನಾಳೆ ಯಾರೂ ಅನ್ನಬಾರ್ದಲ್ಲ?"

ಸಿಟ್ಟು ಬಂದರೆ ಹೊರಗೆ ಹಾಕಬಹುದು. ಇಷ್ಟು ಪ್ರೀತಿಯಿಂದ ಹಾಳು ಮಾಡಿದವರನ್ನು ಏನು ಮಾಡುವುದು? ಸೀರೆಗಳನ್ನೆಲ್ಲ ಮತ್ತೆ ಮಡಿಸಿಟ್ಟೆ. ಅತ್ತೆಯೂ ಪಕ್ಕದಲ್ಲಿ ಕೂತು ನೆರವಾದರು. ಒಂದೊಂದು ಜರಿ ಸೀರೆಯನ್ನೂ ಸವರಿ "ನೋಡು, ಇವನ್ನೆಲ್ಲ ಉಳಸೇನಿ" ಎನ್ನುತ್ತಿದ್ದರು.

ಭಾನುವಾರ ರಾಣೆಬೆನ್ನೂರಿಗೆ ಹೋದೆ. ಶಾಂತಾ ಹೇಗೂ ಅದನ್ನು ಉಡುವವಳಲ್ಲ, ಬದಲಿಗೊಂದು ಮಿಂಚುವ ಸೀರೆ ಕೊಟ್ಟರೆ ಕುಣಿದಾಡುತ್ತಾಳೆ ಎಂದು ನನ್ನ ಲೆಕ್ಕ. ಹೋಳಿಗೆ ತಿಂದು, ಅದೂ ಇದೂ ಮಾತಾಡಿ, ಮೆಲ್ಲಗೆ ಸೀರೆಯ ವಿಷಯ ತೆಗೆದೆ. ಅವಳ ಕಣ್ಣು ತುಂಬಿಬಂದವು.

"ಖರೇ ಹೇಳ್ತೇನಿ ವೈನೀ, ಸ್ವಂತ ಮಗಳಿಗೆ ಅವ್ವ ಒಂದ ಎಳಿ ಜರಿ ಇಲ್ಲದ ಅಂಥಾ ಸೀರಿ ಕೊಟ್ಲಲ್ಲ ಅಂತ ನನಗ ಅಳುನ ಬಂತು. ಮನ್ಯಾಗ ಇಟಗೊಳ್ಳಾಕ ಮನಸ ಆಗಲಿಲ್ಲ. ಕರ್ಜಗಿ ಗಿರಣಿ ಕಸ್ತೂರಿ ಗೊತ್ತಲ್ಲ, ನಮ್ಮನಿಯವರ ಕಾಕಾನ ಮಗಳು? ಅಕಿ ಮಗಳ ಕುಬಸ ಇತ್ತು. ಕಸ್ತೂರಿಗೆ ಆಯೇರಿ ಮಾಡಿ ಬಂದೆ."

ನಾನು ತಂದಿದ್ದ ಮಿಂಚುವ ಸೀರೆಯನ್ನು ಶಾಂತಾಳಿಗೇ ಕೊಟ್ಟೆ. ಅವ್ವನ ಮೇಲಿನ ಅವಳ ಸಿಟ್ಟು ಅಲ್ಲಿಗೆ ಇಳಿಯಿತು.

ಮುಂದಿನ ರಜೆಯ ದಿನ ಇನ್ನೊಂದು ಜರಿ ಸೀರೆ ಚೀಲದಲ್ಲಿಟ್ಟುಕೊಂಡು ಹಾವೇರಿಯಿಂದ ಕರ್ಜಗಿ ಬಸ್ಸು ಹತ್ತಿದೆ. ಕುಬಸಕ್ಕೆ ಬರಲಾಗಲಿಲ್ಲ, ಅದಕ್ಕೇ ಈಗ ಬಂದೆ ಎನ್ನುವ ನೆಪ ಸಿದ್ಧವಾಗಿತ್ತು. ಹೊಲಿದು ಬಂದಿದ್ದ ಜಂಪರನ್ನೂ ತಂದಿದ್ದೆ. ತೋರಿಸಿ ನಡೆದದ್ದನ್ನು ಬಿಡಿಸಿ ಹೇಳಿದರೆ ಕಸ್ತೂರಿಗೆ ಅರ್ಥವಾದೀತು, ನಕ್ಕು ಸೀರೆ ಬದಲಿಸಿಕೊಂಡಾಳು. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಆ ಮಾತು ಜೋಡಿಸಿಕೊಂಡೆ.

ಮನೆಯಲ್ಲಿ ಯಾರೂ ಇರಲಿಲ್ಲ, ಪಕ್ಕದ ಗಿರಣಿಯ ಸದ್ದು ಕೇಳುತ್ತಿತ್ತು. ಬಾಗಿಲಲ್ಲಿ ನಿಂತವಳು ಹಾಗೇ ನಿಂತೆ. ಕಸ್ತೂರಿ ನನ್ನ ಸೀರೆ ಉಟ್ಟುಕೊಂಡು ಜೋಳ ಬೀಸುತ್ತಿದ್ದಳು. ಸೆರಗನ್ನು ಸುತ್ತಿ ಸೊಂಟಕ್ಕೆ ಬಿಗಿದಿದ್ದಳು. ನೇರಳೆ ಬಣ್ಣದ ಮೇಲೆಲ್ಲ ಹಿಟ್ಟಿನ ಧೂಳು. ಮೇಲೆ ಯಾವುದೋ ಹಳೆಯ ಕರಿ ಜಂಪರ್. ಅಯ್ಯೋ ಎಂದು ಬಾಯಿಗೆ ಬಂದದ್ದು ಅಲ್ಲೇ ಉಳಿಯಿತು, ಯಾಕೆಂದರೆ ಅವಳು ಎಷ್ಟು ಚೆಂದ ಕಾಣುತ್ತಿದ್ದಳೆಂದರೆ, ಅಂಗಡಿಯಲ್ಲಾಗಲಿ ನನ್ನ ಕಪಾಟಿನಲ್ಲಾಗಲಿ ಆ ಸೀರೆ ಒಮ್ಮೆಯೂ ಹಾಗೆ ಕಂಡಿರಲಿಲ್ಲ. ಅವಳು ಬಗ್ಗಿದರೆ ಬಗ್ಗುತ್ತಿತ್ತು, ತಿರುಗಿದರೆ ತಿರುಗುತ್ತಿತ್ತು.

"ಅಯ್ಯ, ಗಿರಿಜಕ್ಕಾರ! ಬರ್ರಿ ಬರ್ರಿ, ಕುಂದ್ರಿ" ಎಂದು ಗಿರಣಿ ನಿಲ್ಲಿಸಿ, ಸೀರೆಗೆ ಪಟಪಟ ಹೊಡೆದು ಹಿಟ್ಟು ಕೊಡವಿದಳು. ಒಂದೊಂದು ಏಟೂ ನನಗೇ ಬಿದ್ದಂತಾಯಿತು.

"ಸೀರಿ ಚೊಲೋ ಐತಿ" ಎಂದೆ. ಜೋಡಿಸಿಕೊಂಡು ಹೋಗಿದ್ದ ಮಾತಿನಲ್ಲಿ ಹೊರಬಂದದ್ದು ಅಷ್ಟೇ.

"ಹೌದ್ರೀ ಅಕ್ಕಾರ! ಶಾಂತಕ್ಕ ಕೊಟ್ಟಾಳ್ರಿ. ಗಿರಣ್ಯಾಗ ಝಳ ನೋಡ್ರಿ, ಉಳದ ಸೀರಿ ಉಟ್ರ ಬೆವತ ಸಾಯ್ತೇನಿ. ಇದು ಮೈಗೆ ತಂಪ. ರಾತ್ರಿ ಒಗದು ಹಾಕಿದ್ರ ಮುಂಜಾನೆ ಒಣಗಿರತೈತಿ, ಮತ್ತ ಉಟಗೋತೇನಿ. ಮಗಳು ಬೈತಾಳ, ದಿನಾ ಅದ ಸೀರೀನಾ ಯವ್ವಾ ಅಂತ." ಸೆರಗಿನ ತುದಿಯನ್ನು ಬೆರಳಲ್ಲಿ ಹಿಡಿದು ಸ್ವಲ್ಪ ನಾಚಿದಳು. "ಶಾಂತಕ್ಕ ನನಗ ಅಂತ ಹುಡುಕಿ ತಂದಾಳಂತ ಕಾಣತೈತ್ರಿ. ನನಗ ಇಷ್ಟ ಚೊಲೋ ಸೀರಿ ಈವರೆಗೂ ಯಾರೂ ಕೊಟ್ಟಿದ್ದಿಲ್ರಿ."

ಚೀಲದ ಬಾಯಿ ಗಟ್ಟಿಯಾಗಿ ಹಿಡಿದುಕೊಂಡೆ. ಒಳಗಿನ ಜಂಪರ್ ಅಕಸ್ಮಾತ್ ಇಣುಕಿಬಿಟ್ಟರೆ ಎಂದು. ಚಹಾ ಕುಡಿದೆ, ಚುರುಮುರಿ ತಿಂದೆ, ಜರಿ ಸೀರೆಯನ್ನು ಕುಬಸದ ಆಯೇರಿ ಎಂದು ಕೊಟ್ಟೆ. "ಭಾರಿ ಐತ್ರಿ" ಎಂದು ಹೇಳಿ ಕಸ್ತೂರಿ ಅದನ್ನು ಬಿಚ್ಚಿಯೂ ನೋಡದೆ ಟ್ರಂಕಿನೊಳಗೆ ಬೇರೆ ಆಯೇರಿಗಳ ಮೇಲಿಟ್ಟಳು. ಹೊರಡುವಾಗ ಬಸ್ಸಿನವರೆಗೂ ಬಂದು ಕೈ ಹಿಡಿದು ಹೇಳಿದಳು: "ಅಕ್ಕಾರ, ನೀವು ಊರೂರು ಅಡ್ಡಾಡವ್ರು. ಇಂಥದ್ದ ಇನ್ನೊಂದು ಎಲ್ಲಾರ ಕಂಡ್ರ ನನಗ ತಂದು ಕೊಡ್ರಿ. ರೊಕ್ಕ ಕೊಡ್ತೇನ್ರಿ." ಆಗಲಿ ಎಂದು ಬಸ್ಸು ಹತ್ತಿದೆ.

ಬಸ್ಸು ತಿರುಗುವವರೆಗೂ ಅವಳು ಕಾಣುತ್ತಿದ್ದಳು, ಹಿಂದೆ ನೇರಳೆ ಸೆರಗು ಗಾಳಿಗೆ ಹಾರುತ್ತಿತ್ತು. ಸೀರೆ ಹೋಯಿತೆಂಬ ದುಃಖಕ್ಕಿಂತ, ಅದನ್ನು ಒಂದು ದಿನವೂ ಉಡಲಿಲ್ಲವಲ್ಲ ಎಂಬ ಹಂಬಲವೇ ದೊಡ್ಡದಾಯಿತು. ನೆರಿಗೆ ಹಿಡಿಯುವಾಗ ಅದು ಕೈಯಲ್ಲಿ ಹೇಗೆ ನಿಲ್ಲುತ್ತಿತ್ತೋ, ತಿರುಗಿದರೆ ಸೆರಗು ಸದ್ದು ಮಾಡುತ್ತಿತ್ತೋ ಇಲ್ಲವೋ, ಅದನ್ನು ಕಸ್ತೂರಿಯನ್ನೇ ಕೇಳಬೇಕು. ಅವಳ ಗಿರಣಿಯಲ್ಲಿ ಅದು ಕೇಳಿಸುವುದೂ ಇಲ್ಲ.

ಕಸ್ತೂರಿಗೆ ಕೊಟ್ಟ ಮಾತೆಂದು ರಾಣೆಬೆನ್ನೂರಿನ ಅಂಗಡಿಗೆ ಹೋದೆ. ಅಂಥದು ಒಂದೇ ಒಂದು ಉಳಿದಿತ್ತು, ಹಳೆಯ ತಾಮ್ರದ ಬಣ್ಣದ್ದು. ಕಸ್ತೂರಿಗೆಂದೇ ಕಟ್ಟಿಸಿದೆ. ಕಸ್ತೂರಿಗೆಂದೇ ಮನೆಗೆ ತಂದೆ. ಅವಳಿಗೆ ಉದ್ದ ಸಾಕಾಗುತ್ತದೋ ಇಲ್ಲವೋ ನೋಡೋಣವೆಂದು ಸೋಮವಾರ ಬೆಳಿಗ್ಗೆ ಒಮ್ಮೆ ಉಟ್ಟುಕೊಂಡೆ. ಉದ್ದ ಸಾಕಾಯಿತು. ಬಿಚ್ಚಲು ಹೊತ್ತಾಗುತ್ತದೆಂದು ಹಾಗೇ ಕಚೇರಿಗೆ ಹೋದೆ. ಹಾವೇರಿಯ ಬಸ್‌ಸ್ಟ್ಯಾಂಡಿನಿಂದ ಕಚೇರಿಯವರೆಗೆ ಎಂದೂ ಇಲ್ಲದ ಹಾಗೆ ನಿಧಾನವಾಗಿ ನಡೆದೆ. ಸಾಹೇಬರು ಸಿಟ್ಟಾಗಿದ್ದರು, ಇರಲಿ ಬಿಡಿ.

ಅಂದಿನಿಂದ ಕಸ್ತೂರಿ ಆಗಾಗ ಫೋನ್ ಮಾಡುತ್ತಾಳೆ, "ಸೀರಿ ಸಿಕ್ತೇನ್ರಿ ಅಕ್ಕಾರ?" ಎಂದು. "ಇನ್ನೂ ಮಾಲು ಬಂದಿಲ್ಲಂತವಾ" ಎನ್ನುತ್ತೇನೆ. ಮೊನ್ನೆ ಅವಳಿಗೆ ಮೊಮ್ಮಗ ಹುಟ್ಟಿದ. ಕೂಸನ್ನು ತೋರಿಸಬೇಕೆಂದು ವಿಡಿಯೋ ಕಾಲ್ ಮಾಡಿದಳು. ನಾನು ಆಗತಾನೇ ಕಚೇರಿಯಿಂದ ಬಂದಿದ್ದೆ, ತಾಮ್ರದ ಬಣ್ಣದಲ್ಲೇ. ಮುಖ ಬಿಟ್ಟು ಬೇರೇನೂ ಕಾಣದಂತೆ ಫೋನನ್ನು ಮೂಗಿನ ಹತ್ತಿರ ಹಿಡಿದು ಕೂಸನ್ನು ಹೊಗಳಿದೆ. ಅತ್ತೆ ತಾವೂ ಕೂಸು ನೋಡಬೇಕೆಂದರು. ಕೊಟ್ಟೆ. ಕೂಸು ಯಾರ ಹಾಗೆ ಇದೆಯೆಂದು ಮಾತಾಡಿ ಮುಗಿಸಿ, ಅತ್ತೆ ಕನ್ನಡಕ ಏರಿಸಿಕೊಂಡು ಹೇಳಿದರು:

"ಅಯ್ಯ ಕಸ್ತೂರಿ, ನೀನೂ ಜರಿ ಇಲ್ಲದ್ದ ಉಟ್ಟೀಯಲ್ಲವಾ! ನಮ್ಮ ಗಿರಿಜಾನೂ ಮೊನ್ನೆ ಅಂಥಾದ್ದ ಒಂದು ತಂದು ದಿನಾ ಅದನ್ನ ಉಡಾಕತ್ತಾಳ. ತಡಿ, ತೋರಸ್ತೇನಿ."

ನಾನು ಅಡುಗೆಮನೆಯ ಬಾಗಿಲು ಮುಟ್ಟುವಷ್ಟರಲ್ಲಿ ಅತ್ತೆ ಫೋನನ್ನು ನನ್ನ ಕಡೆ ತಿರುಗಿಸಿ, ಕಾಲಿನಿಂದ ತಲೆಯವರೆಗೆ ನಿಧಾನವಾಗಿ ತೋರಿಸುತ್ತಿದ್ದರು.