ಟ್ರುಗನಿನಾ ಸ್ವಾತಂತ್ರ್ಯಕ್ಕೊಂದು ಅನುಮಾನದ ಮತ

ಪಶ್ಚಿಮ ಮೆಲ್ಬರ್ನ್ ಸ್ವತಂತ್ರ ಕನ್ನಡ ಕೂಟ ರಚನಾ ಸಮಿತಿಯ ಸಂಸ್ಥಾಪಕ ಅಧ್ಯಕ್ಷರೂ, ಹುಬ್ಬಳ್ಳಿಯ ಅಭಿಮಾನವನ್ನು ಸಮುದ್ರ ದಾಟಿಸಿ ತಂದವರೂ, ನನ್ನ ಎದುರು ಮನೆಯವರೂ ಆದ ಶ್ರೀ ಶಶಿಧರ ಅವರ ಸನ್ನಿಧಿಗೆ ಟ್ರುಗನಿನಾದ ರುದ್ರಪ್ಪನು ರಸ್ತೆಯ ಈಚೆಯಿಂದಲೇ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ನಮ್ಮ ಕನ್ನಡ ಸಂಘದಿಂದ ಪಶ್ಚಿಮದ ಸಬರ್ಬ್‌ಗಳವರು ಬೇರೆಯಾಗಬೇಕೇ ಬೇಡವೇ ಎಂದು ಬರುವ ಭಾನುವಾರ ನಡೆಯಲಿರುವ ಮತದಾನಕ್ಕೆ ತಾವು ಕಳಿಸಿದ ಆಮಂತ್ರಣ ತಲುಪಿತು. ಹೋದ ರಾಜ್ಯೋತ್ಸವದ ಊಟದಲ್ಲಿ ಸಂಘ ನಡೆಸುವ ಪೂರ್ವದ ಗ್ಲೆನ್ ವೇವರ್ಲಿಯ ಪದಾಧಿಕಾರಿಗಳು ನಮ್ಮ ಜೋಳದ ರೊಟ್ಟಿಯನ್ನು ಕತ್ತರಿಯಿಂದ ತ್ರಿಕೋನವಾಗಿ ಕತ್ತರಿಸಿ, ಎಣ್ಣೆಗಾಯಿಯನ್ನು ಪುಟ್ಟ ಬಟ್ಟಲಿನಲ್ಲಿ ಡಿಪ್ ಎಂದು ಇಟ್ಟು, ಬಿಸಿಬೇಳೆಬಾತಿಗೆ ಮುಂಚಿನ ಸ್ಟಾರ್ಟರ್ ಆಗಿ ಹಂಚಿದ ಘೋರ ಅಪರಾಧವನ್ನು ಕಣ್ಣಾರೆ ಕಂಡವರಲ್ಲಿ ನಾನೂ ಒಬ್ಬ. ಶಿವನಾಣೆ, ಬೆಳಗಾವಿಯವನಾದ ನನ್ನ ರಕ್ತವೂ ಕುದಿಯಿತು. ಆದರೆ ಅದಕ್ಕಾಗಿ ಸಂಘವನ್ನೇ ಒಡೆಯುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ ಎಂಬುದು ತಮ್ಮಂಥ ದೂರದರ್ಶಿಗಳಿಗೆ ಹೊಳೆಯದೇ ಇದ್ದೀತೇ? ಹೊಳೆದಿಲ್ಲ ಅಂತ ಕಾಣುತ್ತದೆ.

ಇಂಥ ಮತದಾನ ನನಗೆ ಹೊಸದಲ್ಲ. ಎರಡು ಸಾವಿರದ ಹದಿನಾಲ್ಕರಲ್ಲಿ ಕೆಲಸದ ಮೇಲೆ ಗ್ಲಾಸ್ಗೋದಲ್ಲಿದ್ದಾಗ, ಕಾಮನ್‌ವೆಲ್ತ್ ದೇಶದವನೆಂಬ ಅರ್ಹತೆಯ ಮೇಲೆ ಸ್ಕಾಟ್ಲೆಂಡಿನ ಸ್ವಾತಂತ್ರ್ಯವನ್ನು ತೀರ್ಮಾನಿಸುವ ಭಾಗ್ಯ ಈ ಬಡ ರುದ್ರಪ್ಪನಿಗೂ ಒದಗಿತ್ತು. ಬಾಗಿಲಿಗೆ ಬಂದ ಪ್ರಚಾರಕನನ್ನು, ಬೇರೆಯಾದ ಮೇಲೆ ಜೇಬಿನಲ್ಲಿ ಯಾವ ನೋಟು ಇರುತ್ತದಪ್ಪಾ ಎಂದು ಕೇಳಿದರೆ ಪುಣ್ಯಾತ್ಮ ನನ್ನ ಅಂಗಿಗೆ ಒಂದು ಬ್ಯಾಡ್ಜ್ ಚುಚ್ಚಿ ಹೋದ. ನಾನು ಬೇಡ ಎಂದು ಗುರುತು ಹಾಕಿ ಬಂದೆ. ಎರಡೇ ವರ್ಷಕ್ಕೆ ಬ್ರಿಟನ್ ಯುರೋಪನ್ನು ಬಿಟ್ಟು ಹೊರಡುವುದೆಂದು ತೀರ್ಮಾನಿಸಿ, ಒಲ್ಲೆ ಎಂದ ಸ್ಕಾಟ್ಲೆಂಡನ್ನೂ ಜೊತೆಗೆ ಎಳೆದುಕೊಂಡು ನಡೆದಾಗ, ನಿನ್ನಂಥವರು ಬೇಡ ಎಂದದ್ದಕ್ಕೇ ಹೀಗಾಯಿತೆಂದು ಪಕ್ಕದ ಸೀಟಿನ ಸಹೋದ್ಯೋಗಿ ಒಂದು ವಾರ ನನ್ನೊಡನೆ ಚಹಾ ಕುಡಿಯಲಿಲ್ಲ. ಅಂದಿನಿಂದ ಹೌದು ಎನ್ನುವವರ ಮೇಲೂ ನನಗೆ ಅನುಮಾನ, ಬೇಡ ಎಂದ ನನ್ನ ಮೇಲೂ ಅನುಮಾನ.

ಆದಕಾರಣ ತಮ್ಮ ಹೊಸ ರಾಷ್ಟ್ರದ ಗಡಿಯನ್ನು ಮೊದಲು ಸ್ಪಷ್ಟಪಡಿಸಬೇಕೆಂದು ಪ್ರಾರ್ಥನೆ. ನನ್ನ ಹೆಂಡತಿ ಸಂಧ್ಯಾರಾಣಿ ಮೈಸೂರಿನವಳು. ಗಡಿಯು ನಮ್ಮ ಅಡಿಗೆಮನೆಯಲ್ಲಿ ಒಲೆಗೂ ಫ್ರಿಜ್ಜಿಗೂ ನಡುವೆ ಹಾಯುವುದಾದರೆ ಒಲೆ ಯಾರ ಪಾಲಿಗೆ ಎಂದು ದಯವಿಟ್ಟು ಮತದಾನಕ್ಕೆ ಮುಂಚೆಯೇ ತಿಳಿಸಿ, ಏಕೆಂದರೆ ಆಮೇಲೆ ಅನುಭವಿಸಬೇಕಾದವನು ನಾನು. ವೆಸ್ಟ್ ಗೇಟ್ ಸೇತುವೆಯ ಮೇಲೆ ತಾವು ಗಡಿಚೌಕಿ ಸ್ಥಾಪಿಸಿ, ಪೂರ್ವದಿಂದ ಬರುವ ಪ್ರತಿ ಕಾರಿನ ಡಿಕ್ಕಿ ತೆಗೆಸಿ, ಒಳಗೆ ಕತ್ತರಿ ಇದೆಯೇ ಎಂದು ಶೋಧಿಸುವ ವ್ಯವಸ್ಥೆಯನ್ನೂ ಮಾಡಬೇಕು. ಸಂಘದ ಏಕೈಕ ಭುವನೇಶ್ವರಿ ಪಟವನ್ನು ನಡುವೆ ಸೀಳುವುದಾದರೆ ಆಶೀರ್ವದಿಸುವ ಕೈ ಇರುವ ಭಾಗವೇ ನಮಗೆ ಬರಲಿ.

ಇನ್ನು ಕನ್ನಡ ಶಾಲೆಯ ವಿಷಯ. ಟ್ರುಗನಿನಾದಲ್ಲಿಯೇ ತರಗತಿ ತೆರೆಯುತ್ತೇವೆ, ಭಾನುವಾರ ಊರಿನ ಆ ತುದಿಯ ಗ್ಲೆನ್ ವೇವರ್ಲಿಗೆ ಒಂದು ತಾಸು ಕಾರು ಓಡಿಸುವ ಕರ್ಮ ತಪ್ಪುತ್ತದೆ ಎಂದು ತಾವು ಅಭಯ ನೀಡಿದ್ದೀರಿ. ಎಂಥ ಔದಾರ್ಯ! ಆದರೆ ಈಗಿರುವ ಹನ್ನೊಂದು ಮಕ್ಕಳಲ್ಲಿ ನಮ್ಮ ಕಡೆಯವರು ನಾಲ್ವರು, ನಾಲ್ವರೂ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವವರು, ಅವರಲ್ಲಿ ಇಬ್ಬರು ತಮ್ಮ ಮಕ್ಕಳೇ. ಗ್ಲೆನ್ ವೇವರ್ಲಿಯ ಶಾಲೆಯಲ್ಲಿ ಸಾನ್ವಿ ಎಂಬ ಎಂಟು ವರ್ಷದ ಹಟಮಾರಿ ಹುಡುಗಿ ಇದ್ದಾಳೆ. ಬೆಂಗಳೂರಿನವರ ಮಗಳು, ಶಾಲೆಯಂಗಳದ ಉಯ್ಯಾಲೆ ಹಿಡಿದು ಕೂತರೆ ಕನ್ನಡದಲ್ಲಿ ಕೇಳಿದ ಹೊರತು ಯಾರಿಗೂ ಬಿಟ್ಟುಕೊಡಳು. ಮನೆಯಲ್ಲಿ ನಾವು ಎಷ್ಟು ಬಾಯಿ ಬಡಿದುಕೊಂಡರೂ ಕನ್ನಡ ಆಡದ ನನ್ನ ಮಗ ಅಭಿನವ, ಹೋದ ತಿಂಗಳು ಅವಳ ಮುಂದೆ ನಿಂತು, "ಏ, ಭಾಳ ಆತು, ಈಗ ನನಗೆ ಕೊಡಮ್ಮಾ" ಎಂದು ಜಗಳವಾಡಿದ. ಅರ್ಧ ನನ್ನ ಮಾತು, ಅರ್ಧ ಅವನ ತಾಯಿಯದು. ಆ ಒಂದು ಸಾಲಿಗೆ ಕಾರಿನಲ್ಲಿ ಕೂತ ನನ್ನ ಕಣ್ಣು ತುಂಬಿ ಬಂತು, ಮಾನ್ಯರೇ. ಈ ಮಾತಿನಲ್ಲಿ ವ್ಯಂಗ್ಯವಿಲ್ಲ. ಅದಕ್ಕೇ ತಮ್ಮಲ್ಲಿ ನನ್ನ ಕೊನೆಯ ಬಿನ್ನಹವಿಷ್ಟೇ: ಸ್ವಾತಂತ್ರ್ಯ ಬಂದ ದಿನ ಆ ಹುಡುಗಿಯನ್ನೂ ಅವಳ ಹಟವನ್ನೂ ಉಯ್ಯಾಲೆ ಸಮೇತ ಗೆದ್ದು ತನ್ನಿ, ನನ್ನ ಮತ ತಮ್ಮ ಪಾದದಲ್ಲಿ ಇಡುತ್ತೇನೆ. ಆಗದಿದ್ದರೆ ನಾನು ಇನ್ನೊಮ್ಮೆ ಬೇಡ ಎಂದು ಗುರುತು ಹಾಕುವವನೇ.

ತಮ್ಮ ಭಾವಿ ರಾಷ್ಟ್ರದ ಪ್ರಥಮ ರಾಜದ್ರೋಹಿಯಾಗಿಯೂ, ಬೀದಿಯ ಈ ಬದಿಯಲ್ಲಿ ಎಂದಿನಂತೆ ತಮ್ಮ ವಿಶ್ವಾಸಿಯಾಗಿಯೂ ಇರುವ,
ರುದ್ರಪ್ಪ

ತಾ.ಕ.: ಈ ಪತ್ರವನ್ನು ತಮಗೆ ತಲುಪಿಸಲು ನಿನ್ನೆ ಸಂಜೆ ತಮ್ಮ ಮನೆಗೆ ಬಂದಿದ್ದೆ. ತಾವಿರಲಿಲ್ಲವಾದ್ದರಿಂದ ಮರಳಿ ತಂದೆ. ಬಾಗಿಲು ತೆರೆದ ತಮ್ಮ ಚಿರಂಜೀವಿ ಅದ್ವಿಕ್ ಲಕೋಟೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಇದು ಯಾರಿಗೆ ಅಂಕಲ್ ಎಂದು ಇಂಗ್ಲಿಷಿನಲ್ಲಿ ಕೇಳಿದ. ಮೇಲೆ ತಮ್ಮ ಹೆಸರನ್ನೇ ದಪ್ಪ ಕನ್ನಡ ಅಕ್ಷರಗಳಲ್ಲಿ ಬರೆದಿದ್ದೆ.