ಒಡೆದ ಹಾಲಿನ ಹಾಳೆ

ಹಾಲು ಒಡೆದರೆ ಹಬ್ಬ ಮಾಡುವ ಗಂಡಸು ನಮ್ಮ ಮನೆಯಲ್ಲೊಬ್ಬನಿದ್ದಾನೆ. ನನ್ನ ಮೈದುನ. ಎಮ್ಮೆ ಹಿಂಡಿ ತಂದ ಕೂಡಲೇ ಚರಿಗೆಯಲ್ಲಿ ಇಣುಕುತ್ತಾನೆ. ಹಾಲು ಚೆನ್ನಾಗಿದ್ದರೆ ಮುಖ ಸಣ್ಣದು ಮಾಡಿಕೊಂಡು ಹೋಗುತ್ತಾನೆ. ಇಂಥವನನ್ನು ಗಡಹಿಂಗ್ಲಜದಲ್ಲಿ ಇನ್ನೆಲ್ಲಾದರೂ ಕಂಡಿದ್ದೀರಾ?

ಶಿರೋಳಿಯ ಕಾರ್ಖಾನೆಯಲ್ಲಿ ಕಬ್ಬಿಣ ಎರಕ ಹೊಯ್ಯುತ್ತಿದ್ದವನು, ನಿವೃತ್ತನಾಗಿ ಮನೆಗೆ ಬಂದ ಮೇಲೆ ಈ ಹುಚ್ಚು ಹಿಡಿಸಿಕೊಂಡ. ಕಳೆ ಬಾರದಿರಲೆಂದು ಹೊಲದಲ್ಲಿ ಹಾಸುವ ಪ್ಲಾಸ್ಟಿಕ್ ಹಾಳೆ ಮಣ್ಣಲ್ಲಿ ಕರಗುವುದಿಲ್ಲ. ಡೇರಿಗಳಲ್ಲಿ ಕೆಟ್ಟ ಹಾಲು ಗಟಾರ ಸೇರುತ್ತದೆ. ಎರಡೂ ಪಾಪ, ಹಾಗಾಗಿ ಕೆಟ್ಟ ಹಾಲಿನಿಂದಲೇ ಕರಗುವ ಹಾಳೆ ಮಾಡುತ್ತೇನೆ ಎಂದ. ಮಾಡಲಿ. ನನ್ನ ಅಡುಗೆಯ ಪಾತೇಲಿಯಲ್ಲೇ ಯಾಕೆ ಮಾಡಬೇಕು?

ಹಾಳೆ ಹರಿಯಬಾರದೆಂದು ಇಚಲಕರಂಜಿಯ ಮಗ್ಗದವರನ್ನು ಕಾಡಿ ಹತ್ತಿಯ ಕಸ ತಂದ. ಒಡೆದ ಹಾಲು ಕೊಲ್ಹಾಪುರದಿಂದ ಡಬ್ಬಿಯಲ್ಲಿ, ಅದೂ ಬಸ್ಸಿನಲ್ಲಿ! ಕಾಗಲ್ ದಾಟುವಷ್ಟರಲ್ಲಿ ಮುಚ್ಚಳ ಹಾರಿತಂತೆ. "ಆಜೋಬಾ, ಖಾಲಿ ಉತರಾ" ಎಂದು ಕಂಡಕ್ಟರ್ ಈ ಅಜ್ಜನಿಗೆ ಇಳಿಯಲು ಹೇಳಿದರೆ ಇವನು ಟಿಕೆಟ್ ತೋರಿಸಿ ಕೂತೇ ಬಿಟ್ಟ. ಇಳಿದು ಹೋದವರು ಅಕ್ಕಪಕ್ಕದವರು. ಮನೆಗೆ ಬಂದು ಹೇಳಿದ್ದೇನು? ಇವತ್ತು ಕಾಲು ಚಾಚಿಕೊಂಡು ಆರಾಮಾಗಿ ಬಂದೆ ಎಂದು!

ಮಾಳಿಗೆಯ ಮೇಲೆ ಒಣಹಾಕಿದ ಮೊದಲ ಹಾಳೆಯನ್ನು ಬೆಕ್ಕುಗಳು ತಿಂದು ಮುಗಿಸಿದವು. ತನ್ನ ಬೆಕ್ಕು ಇಲಿ ಹಿಡಿಯುವುದನ್ನೇ ಬಿಟ್ಟಿದೆ ಎಂದು ಪಕ್ಕದ ಮನೆಯವಳು ಜಗಳಕ್ಕೆ ಬಂದಳು. ಇವನಿಗೆ ಅದೂ ಸಂತೋಷ. ಪ್ಲಾಸ್ಟಿಕ್ಕನ್ನು ಬೆಕ್ಕು ತಿನ್ನುತ್ತದೆಯೇ ಎಂದು ಅವಳನ್ನೇ ಕೇಳಿದ.

ಇಲ್ಲಿಯವರೆಗೆ ನಗಬಹುದಿತ್ತು. ಆಮೇಲೆ ನನ್ನ ಮೆಣಸಿನಕಾಯಿ ಸಸಿಯ ಮಡಿಗೆ ಬಂದ. ನನ್ನ ತಾಯಿ ಕೊಟ್ಟ ಜವಾರಿ ಮೆಣಸಿನ ಬೀಜ ಅದು. ಅಂಗಡಿಯ ಬೀಜ ಬಂದ ಮೇಲೆ ಸುತ್ತಲಿನವರೆಲ್ಲ ಅದನ್ನು ಬಿಟ್ಟರು, ನಾನು ಬಿಡಲಿಲ್ಲ. ವರ್ಷವೂ ಬಿತ್ತಿ, ಹಣ್ಣು ಆರಿಸಿ, ಬೀಜ ತೆಗೆದಿಡುತ್ತಿದ್ದೆ. ಆ ವರ್ಷದ ಬೀಜವೆಲ್ಲ ಮಡಿಯಲ್ಲಿ ಸಸಿಯಾಗಿ ನಿಂತಿತ್ತು. ಹಾಳೆ ಹಾಸುತ್ತೇನೆ ಎಂದು ಗೋಗರೆದ. ಹಾಸಿದ. ಸಸಿಗಳು ಮೊದಲು ಹಳದಿಯಾದವು, ಆಮೇಲೆ ಕಪ್ಪಾಗಿ ಮಲಗಿದವು. ಒಂದೂ ಉಳಿಯಲಿಲ್ಲ.

ಸತ್ತ ಮಡಿಯ ಪಕ್ಕ ಕೂತು ಹಾಳೆಯ ತುಂಡನ್ನು ನಾಲಿಗೆಗೆ ಹಚ್ಚಿ ನೋಡಿದ.

"ಹುಳಿ ಉಳದೈತ್ರಿ ವೈನಿ. ಬೇರು ಸುಟ್ಟಾವು."

"ತೊಳದಿದ್ದಿಲ್ಲೇನು?"

"ಇಲ್ರಿ."

ಒಡೆದ ಹಾಲಿನ ಗಟ್ಟಿಯನ್ನು ಹುಳಿ ಹೋಗುವವರೆಗೆ ತೊಳೆಯಬೇಕೆಂದು ಪನೀರು ಮಾಡುವವನೊಬ್ಬ ಹೇಳಿಕೊಟ್ಟಿದ್ದನಂತೆ. ಆದರೆ ಹಾಲು ತೊಳೆದ ನೀರನ್ನು ಚೆಲ್ಲಬಾರದು, ಯಾರಾದರೂ ತುಳಿಯುತ್ತಾರೆ ಎಂಬುದು ನಮ್ಮ ಅತ್ತೆ, ಇವನ ಅವ್ವ, ಹಾಕಿದ ಕಟ್ಟಳೆ. ಅತ್ತೆ ಹೋಗಿ ಒಂದು ಕಾಲವಾಯಿತು. ಕಟ್ಟಳೆ ಇವನ ತಲೆಯಲ್ಲಿ ಇನ್ನೂ ಕೂತಿದೆ. ಅದಕ್ಕೆ ನನ್ನ ಮೆಣಸು ಸಾಯಬೇಕೇ?

"ನಮ್ಮವ್ವನ ಬೀಜ ನುಂಗಿದಿ. ಇನ್ನ ನನ್ನ ಮುಂದ ಬರಬ್ಯಾಡ" ಎಂದೆ.

ಬರಲಿಲ್ಲ. ಪಾತೇಲಿ ಬೆಳಗಿಸಿಕೊಂಡು ಕಪಾಟು ಸೇರಿತು. ಮನೆಯಲ್ಲಿ ವಾಸನೆ ಹೋಯಿತೆಂದು ಎಲ್ಲರಿಗೂ ಸಂತೋಷ. ನನಗೂ ಸಂತೋಷವೇ. ಊಟ ಸೇರಲಿಲ್ಲ, ಅದು ಪಿತ್ತ.

ಮಸಾಲೆಗೆಂದು ಇಟ್ಟಿದ್ದ ಹಿಂದಿನ ಬೆಳೆಯ ಒಣಮೆಣಸಿನಕಾಯಿ ಒಂದು ಹಿಡಿ ಡಬ್ಬಿಯ ತಳದಲ್ಲಿತ್ತು. ಒಡೆದು ಬೀಜ ತೆಗೆದೆ. ಹುಟ್ಟುತ್ತವೋ ಇಲ್ಲವೋ, ಯಾರಿಗೆ ಗೊತ್ತು? ಸೆರಗಿಗೆ ಕಟ್ಟಿಕೊಂಡು ಹಿತ್ತಲಿಗೆ ಹೋದರೆ ಅವನು ಅಲ್ಲಿ ಕೂತಿದ್ದ. ಮುಂದೆ ಅದೇ ಪಾತೇಲಿ. ಗಟ್ಟಿಯ ಮೇಲೆ ನೀರು ಹೊಯ್ದಿದ್ದಾನೆ, ಬಸಿಯಲು ಕೈ ಬರುತ್ತಿಲ್ಲ.

"ಅವ್ವ ಬೈತಾಳ್ರಿ ವೈನಿ" ಎಂದ, ತಲೆ ಎತ್ತದೆ.

ಆ ತಲೆಯಲ್ಲಿ ಒಂದೂ ಕಪ್ಪು ಕೂದಲಿಲ್ಲ. ನಾನು ಸೊಸೆಯಾಗಿ ಬಂದಾಗ ಚಡ್ಡಿಯ ಗುಂಡಿ ಹಾಕಿಸಿಕೊಳ್ಳಲು ನನ್ನ ಮುಂದೆ ಬಂದು ನಿಲ್ಲುತ್ತಿದ್ದ.

ಪಾತೇಲಿಯ ಇನ್ನೊಂದು ಕಡೆ ನಾನು ಹಿಡಿದೆ.

"ಸುರುವು. ಬೈದ್ರ ನನಗ ಬೈಲಿ."