ಕಂಪನಿ ಕೊಟ್ಟಂಗೆ

ನಮ್ಮ ಭಾವನ ಕೈಗೆ ಮಾಗಿದ ಮಾವಿನಹಣ್ಣು ಕೊಟ್ಟು ನೋಡಬೇಕಿತ್ತು. ಹಣ್ಣನ್ನು ಕಾಯಿ ಮಾಡಿ, ಕಾಯಿಯನ್ನು ಹೂವು ಮಾಡಿ, ಗಿಡಕ್ಕೇ ವಾಪಸ್ ಅಂಟಿಸಿ ಬರುತ್ತಿದ್ದರು! ಯಾವ ವಸ್ತುವೂ ಕಾರ್ಖಾನೆ ಬಿಟ್ಟ ದಿನ ಹೇಗಿತ್ತೋ ಹಾಗೇ ಇರಬೇಕು ಎಂಬುದು ಅವರ ಮತ. ಹೊನ್ನಾಳಿಯಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದ ಈ ಮಹಾನುಭಾವರು ನನ್ನ ಅಕ್ಕನ ಗಂಡ. ಈ ಸಂಬಂಧ ನಾನು ಹುಡುಕಿದ್ದಲ್ಲ, ದಯವಿಟ್ಟು ಗಮನಿಸಿ!

ಆಗ ನಾನು ನ್ಯಾಮತಿಯಲ್ಲಿ ಮೇಷ್ಟ್ರು. ಒಂದು ಭಾನುವಾರ ಅಕ್ಕನನ್ನು ನೋಡಲು ಸೈಕಲ್ ಮೇಲೆ ಹೋಗಿದ್ದೆ. ಒಳಗೆ ಉಪ್ಪಿಟ್ಟು ತಿಂದು ಹೊರಗೆ ಬರುವಷ್ಟರಲ್ಲಿ ಸೈಕಲ್ ಬೋಳಾಗಿ ನಿಂತಿದೆ! ಸೀಟಿನ ಕವರಿಲ್ಲ, ಕ್ಯಾರಿಯರ್ ಇಲ್ಲ, ನಾನು ಆಸೆಪಟ್ಟು ಹಾಕಿಸಿದ್ದ ಜೋಡಿ ಗಂಟೆಯೂ ಇಲ್ಲ.

"ಭಾವ, ಕ್ಯಾರಿಯರ್ ಎಲ್ರೀ?"

"ಕಂಪನಿಯೋರು ಕೊಟ್ಟಿದ್ದು ಇಷ್ಟೇ ಕಣಯ್ಯಾ. ಉಳಿದಿದ್ದು ನೀನು ಹೇರಿದ್ದು. ಪಾಪ, ಅದಕ್ಕೆ ಉಸಿರಾಡಾಕೇ ಆಗ್ತಿರಲಿಲ್ಲ."

ಅಕ್ಕ ಬಾಗಿಲಲ್ಲಿ ನಿಂತು ನಕ್ಕಳು. "ನಿನ್ನ ಸೈಕಲ್ ಬಿಡು. ನಾನು ಎರಡು ಕೇಜಿ ದಪ್ಪ ಆದ್ರೆ ನನ್ನನ್ನೂ ಕಂಪನಿಗೆ ವಾಪಸ್ ಕಳಿಸ್ತಾರಂತೆ!" ಆಮೇಲೆ ನನಗೊಂದು ಕುಂಬಳಕಾಯಿ ಕೊಟ್ಟಳು. ಒಂದು ಕೈಯಲ್ಲಿ ಅದನ್ನು ಅವುಚಿಕೊಂಡು, ಇನ್ನೊಂದು ಕೈಯಲ್ಲಿ ಹ್ಯಾಂಡಲ್ ಹಿಡಿದು ನ್ಯಾಮತಿ ಮುಟ್ಟಿದ್ದು ನನ್ನ ಪೂರ್ವಜನ್ಮದ ಪುಣ್ಯ.

ಬಸವಾಪಟ್ಟಣದ ಬೀಗರು ರೇಡಿಯೋ ಚೆನ್ನಾಗಿ ಕೇಳಿಸಲೆಂದು ಸೂರಿನ ತನಕ ತಂತಿ ಎಳೆದಿದ್ದರು. ಅವರ ಮನೆಗೆ ಹೋದ ಭಾವ ಅದನ್ನೂ ಕಿತ್ತು ಸುತ್ತಿಟ್ಟರು. ವಾರ್ತೆಯ ಹೊತ್ತಿಗೆ ರೇಡಿಯೋ ಗೊರ್ ಎಂದು ಸುಮ್ಮನಾಯಿತು. ಬೀಗರು ಮುಖ ಮುಖ ನೋಡಿಕೊಂಡರೆ ಇವರು ಹೇಳಿದ್ದೇನು ಗೊತ್ತೇ? "ನೋಡ್ರಿ ಈಗ, ಎಷ್ಟು ಶಾಂತವಾಗೈತೆ!"

ಇದನ್ನೆಲ್ಲ ಹೇಳಿಕೊಂಡು ನಾನೂ ನಗುತ್ತಿದ್ದೆ. ಎಂಬತ್ಮೂರರಲ್ಲಿ ಕಾಮಾಲೆಯಾಗಿ ಅಕ್ಕ ತೀರಿಕೊಂಡ ಮೇಲೆ ನಗು ನಿಂತಿತು. ತಿಂಗಳು ಕಳೆದು ಹೋಗಿ ನೋಡಿದರೆ, ಆ ಮನೆಯಲ್ಲಿ ಅವಳು ಬಾಳಿದ್ದಕ್ಕೆ ಒಂದು ಗುರುತಿಲ್ಲ! ಕನ್ನಡಿಗೆಂದು ಹೊಡೆದಿದ್ದ ಮೊಳೆ, ಬಟ್ಟೆ ಒಣಗಿಸುವ ಹಗ್ಗ, ಅಡುಗೆಮನೆಗೆ ಹಾಕಿಸಿಕೊಂಡಿದ್ದ ಹಲಗೆ, ಎಲ್ಲ ಕಿತ್ತು, ತೂತುಗಳಿಗೆ ಸುಣ್ಣ ಮೆತ್ತಿದ್ದರು. ಮನೆ ಕಟ್ಟಿದ ದಿನ ಹೇಗಿತ್ತೋ ಹಾಗೆ. ಒಂದು ಲೋಟ ನೀರೂ ಕುಡಿಯದೆ ಎದ್ದು ಬಂದೆ. ಹೆಂಡತಿಯನ್ನು ಒರೆಸಿಹಾಕಿದ ಮನುಷ್ಯನ ಹೊಸ್ತಿಲು ಇನ್ನು ತುಳಿಯುವುದಿಲ್ಲ ಎಂದುಕೊಂಡು ಐದು ವರ್ಷ ಆ ಮಾತು ನಡೆಸಿದೆ.

ಅಷ್ಟರಲ್ಲಿ ಭಾವ ದಾವಣಗೆರೆಯ ಯಾವುದೋ ಆಫೀಸಿನಿಂದ ಹಳೆಯ ಕಂಪ್ಯೂಟರ್ ತಂದರು. ತಂದವರು ಸುಮ್ಮನಿರುತ್ತಾರೆಯೇ? ಅದರಲ್ಲಿ ಆಫೀಸಿನವರು ತುಂಬಿದ್ದನ್ನೆಲ್ಲ ಅಳಿಸಿ ಕಂಪನಿ ಕೊಟ್ಟಂಗೆ ಮಾಡಿದರು. ಒಳಗಿನ ಪುಟ್ಟ ಸೆಲ್ಲನ್ನೂ ಕಿತ್ತರು. ಆ ಸೆಲ್ ಇದ್ದರೆ ಕರೆಂಟ್ ಹೋದರೂ ಯಂತ್ರಕ್ಕೆ ತಾರೀಖು ನೆನಪಿರುತ್ತದೆ. ಇಲ್ಲದಿದ್ದರೆ ಹಾಕಿದಾಗಲೆಲ್ಲ 1-1-1980 ಎಂದು ತೋರಿಸಿ, ಹೊಸ ತಾರೀಖು ಏನು ಎಂದು ಕೇಳುತ್ತದೆ. ಸುಮ್ಮನೆ ಎಂಟರ್ ಒತ್ತಿದರೆ ಅದೇ ಎಂಬತ್ತನೇ ಇಸವಿ ನಿಲ್ಲುತ್ತದೆ. ಭಾವ ದಿನಾ ಸುಮ್ಮನೆ ಎಂಟರ್ ಒತ್ತುತ್ತಿದ್ದರು!

ನಮ್ಮ ಬೀದಿಯ ಹುಡುಗಿಯೊಬ್ಬಳು ಅಲ್ಲಿ ಕಲಿತು, ಆ ಕಂಪ್ಯೂಟರ್ ಅಚ್ಚು ಹಾಕಿದ ಸರ್ಟಿಫಿಕೇಟ್ ಹಿಡಿದು ಇಂಟರ್‌ವ್ಯೂಗೆ ಹೋದಳು. ಎಂಬತ್ತೆಂಟರಲ್ಲಿ ಅವಳಿಗೆ ಹತ್ತೊಂಬತ್ತು ವರ್ಷ. ಸಾಹೇಬರು ತಾರೀಖು ನೋಡಿದರೆ ಎಂಬತ್ತನೇ ಇಸವಿ! "ಹನ್ನೊಂದನೇ ವಯಸ್ಸಿಗೇ ನಿಮಿಷಕ್ಕೆ ನಲವತ್ತು ಪದಾನಾ? ಅವ್ವನ ಸೊಂಟದ ಮೇಲೆ ಕುಂತು ಟೈಪ್ ಮಾಡ್ತಿದ್ದೇನವ್ವಾ?" ಕೂತಿದ್ದವರೆಲ್ಲ ನಕ್ಕರಂತೆ. ಕೆಲಸ ಬೇರೆಯವರ ಪಾಲಾಯಿತು. ಹುಡುಗಿ ಅಳುತ್ತಾ ನನ್ನ ಮನೆಗೆ ಬಂದಳು.

ಮೊದಲ ಬಸ್ಸಿಗೇ ಹೊನ್ನಾಳಿಗೆ ಹೋದೆ. ಭಾವ ಆಗಷ್ಟೇ ಇನ್‌ಸ್ಟಿಟ್ಯೂಟಿನ ಬಾಗಿಲು ತೆಗೆದು ಕಂಪ್ಯೂಟರ್ ಹಾಕುತ್ತಿದ್ದರು. ನನಗೋ ಐದು ವರ್ಷದ ಸಿಟ್ಟು!

"ಏನ್ ಭಾವ, ಬಡವರ ಮಕ್ಕಳ ಹೊಟ್ಟೆ ಮೇಲೆ ಹೊಡೀರಿ ಅಂತಾನೂ ಕಂಪನಿಯೋರು ಬರ್ಕೊಟ್ಟಾರೇನು? ಒಂದು ತಾರೀಖು ಒತ್ತಾಕೆ ನಿಮಗೇನ್ರೀ ಕಷ್ಟ? ನಿಮಗೆ ಯಾರೂ ಲೆಕ್ಕಕ್ಕಿಲ್ಲ. ನಮ್ಮಕ್ಕನೂ ಲೆಕ್ಕಕ್ಕಿರಲಿಲ್ಲ!"

ಅವರು ಜಗಳಕ್ಕೆ ಬರಲಿಲ್ಲ. ಪರದೆಯ ಮೇಲೆ ತಾರೀಖು ಬಂದಿತ್ತು. ಅದನ್ನೇ ನೋಡುತ್ತಾ ಕೂತರು. ಕೂದಲು ಪೂರಾ ಬೆಳ್ಳಗಾಗಿದ್ದು ನನಗೆ ಆಗ ಕಂಡಿತು.

"ಎಂಬತ್ತರಾಗೆ ನಿಮ್ಮಕ್ಕ ಇದ್ಲು ಕಣೋ," ಎಂದರು. "ಮನೇಲಿ ಎಲ್ಲಿ ನೋಡಿದ್ರೂ ಅವಳು ಇಟ್ಟಿದ್ದೇ. ಅವಳಿಲ್ಲ. ತಡೆಯಾಕೆ ಆಗ್ಲಿಲ್ಲ, ಕಿತ್ತೆ. ಇದೊಂದು ದಿನಾ ಬೆಳಿಗ್ಗೆ ಇನ್ನೂ ಎಂಬತ್ತು ಅಂತೈತೆ. ಅಲ್ಲ, ಅದು ಮುಗೀತು ಅಂತ ನನ್ನ ಕೈಯಾರೆ ಹೆಂಗೆ ಒತ್ತಲಿ?"

ಐದು ವರ್ಷ ಈ ಮನುಷ್ಯನಿಗೆ ಶಾಪ ಹಾಕಿದ್ದೆನಲ್ಲ ಎಂದು ನಾಚಿಕೆಯಾಯಿತು. ಪಕ್ಕದ ಟೈಪ್‌ರೈಟರಿಗೆ ಹಾಳೆ ಏರಿಸಿ, ಸರಿಯಾದ ತಾರೀಖು ಹಾಕಿ, ಹುಡುಗಿಯ ಸರ್ಟಿಫಿಕೇಟನ್ನು ನಾನೇ ಹೊಡೆದೆ. ಭಾವ ಸಹಿ ಮಾಡಿದರು. ಹೋದ ಕೆಲಸ ಅದರಿಂದ ವಾಪಸ್ ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಕಂಪ್ಯೂಟರ್ ಇನ್ನೂ ತಾರೀಖು ಕೇಳುತ್ತಲೇ ಇತ್ತು. ನಾನು ಭಾವನ ಪಕ್ಕಕ್ಕೆ ಸ್ಟೂಲ್ ಎಳೆದುಕೊಂಡು ಕೂತು, ಏನೂ ಬರೆಯದೆ ಎಂಟರ್ ಒತ್ತಿದೆ.